ಕಾರಟಗಿಯ ಅಕ್ಕಿಗೂ ಡಾಲರಿಗೂ ಏನು ನಂಟು?

ಪ್ರಶ್ನೆ: ವಿದೇಶಿ ವ್ಯಾಪಾರದಿಂದ ರಾಜ್ಯಕ್ಕೆ ಲಾಭ ಅಂತಾರೆ. ನಮ್ಮ ಕಾರಟಗಿಯ ಭತ್ತದ ರೈತನಿಗೆ ಅದರಿಂದ ಏನು ಬರುತ್ತದೆ?

ಉತ್ತರ: ಲಾಭ ನೇರವಾಗಿ ಅವನ ಕೈಗೆ ಬರುವುದಿಲ್ಲ, ಸುತ್ತಿ ಬರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಲ್ಲಿ ಬೆಳೆಯುವ ಸೋನಾ ಮಸೂರಿಯನ್ನು ಅಮೆರಿಕ, ಕೊಲ್ಲಿ ದೇಶಗಳ ಕನ್ನಡಿಗರು, ತೆಲುಗರು ಹುಡುಕಿ ಕೊಳ್ಳುತ್ತಾರೆ. ಗಿರಾಕಿ ಹೆಚ್ಚಿದರೆ ಮಿಲ್ಲಿನವರು ಭತ್ತಕ್ಕೆ ಪೈಪೋಟಿಯಿಂದ ಬೆಲೆ ಕಟ್ಟುತ್ತಾರೆ. ಹಮಾಲರಿಗೆ ಕೂಲಿ, ಲಾರಿಗೆ ಬಾಡಿಗೆ, ತೌಡಿಗೆ ಎಣ್ಣೆ ಗಿರಣಿ, ಎಪಿಎಂಸಿಗೆ ಶುಲ್ಕ. ರಾಜ್ಯದ ಆರ್ಥಿಕತೆ ಅಂದರೆ ಕೊನೆಗೆ ಇದೇ ತಾನೆ!

ಬಾಗಿಲು ಮುಚ್ಚಿದರೆ? 2023ರ ಜುಲೈ 20ರಂದು ಕೇಂದ್ರವು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಷೇಧಿಸಿತು. ಅಮೆರಿಕದ ಭಾರತೀಯ ಅಂಗಡಿಗಳಲ್ಲಿ ಜನ ಚೀಲಕ್ಕಾಗಿ ಮುಗಿಬಿದ್ದರು. ಇಲ್ಲಿ ಅಕ್ಕಿ ಕೊಂಡು ತಿನ್ನುವವರ ಹಿತಕ್ಕೆಂದು ತಂದ ಕ್ರಮವದು, ತಪ್ಪೆನ್ನಲಾಗದು. ಆದರೆ ಅದರ ಭಾರ ಹೊತ್ತವನು ಬೆಳೆದವನು. 2024ರ ಸೆಪ್ಟೆಂಬರ್‌ನಲ್ಲಿ, ಟನ್ನಿಗೆ ಕನಿಷ್ಠ 490 ಡಾಲರ್ ರಫ್ತು ಬೆಲೆಯ ಷರತ್ತಿನೊಂದಿಗೆ ನಿಷೇಧ ತೆರವಾಯಿತು. ಮುಂದಿನ ತಿಂಗಳೇ ಷರತ್ತೂ ಹೋಯಿತು.

ವಿದೇಶಿ ವ್ಯಾಪಾರ ಸಂವಿಧಾನದ ಕೇಂದ್ರ ಪಟ್ಟಿಯಲ್ಲಿದೆ. ಹಾಗಾಗಿ ಭತ್ತ ಕಾರಟಗಿಯದಾದರೂ ರಫ್ತಿನ ತೀರ್ಮಾನ ದೆಹಲಿಯದು. ಬೆಂಗಳೂರು ಮನವಿ ಸಲ್ಲಿಸಬಹುದಷ್ಟೆ.