ಜನವರಿಗೆ ಬೇಕಾದವರು, ಜುಲೈಗೆ ಬೇಡವಾದವರು

ಜನವರಿಯ ಚಳಿ, ಬೆಳಗಿನ ಜಾವ ಮೂರು ಗಂಟೆ. ಮೆಕ್ಸಿಕೊದ ಮೆಕ್ಸಿಕಾಲಿ ನಗರಕ್ಕೂ ಅಮೆರಿಕದ ಕಲೆಕ್ಸಿಕೊ ಪಟ್ಟಣಕ್ಕೂ ನಡುವಿನ ಗಡಿಬಾಗಿಲಲ್ಲಿ ಆಗಲೇ ಸಾಲು ಬೆಳೆದಿರುತ್ತದೆ. ಕ್ಯಾಲಿಫೋರ್ನಿಯಾ, ಮೆಕ್ಸಿಕೊ ಎಂಬ ಎರಡು ಹೆಸರುಗಳನ್ನು ಕತ್ತರಿಸಿ ಅದಲುಬದಲಾಗಿ ಅಂಟಿಸಿ ಈ ಎರಡೂ ಊರಿಗೆ ನಾಮಕರಣ ಮಾಡಿದ್ದಾರೆ. ಕಾರ್ಡು ತೋರಿಸಿ ಈಚೆ ಬಂದವರು ಬೀದಿದೀಪದ ಕೆಳಗೆ ಒಂದು ಲೋಟ ಕಾಫಿ ಕುಡಿದು ಮೇಸ್ತ್ರಿ ತಂದು ನಿಲ್ಲಿಸಿದ ಬಸ್ಸು ಹತ್ತುತ್ತಾರೆ. ಬಸ್ಸಿನ ಬಾಲಕ್ಕೆ ಕೊಂಡಿ ಹಾಕಿದ ಶೌಚಾಲಯದ ಗಾಡಿಯೂ ಅವರ ಜೊತೆಗೇ ಹೊಲಕ್ಕೆ ಹೊರಡುತ್ತದೆ.

ಹೊಲ ಮುಟ್ಟಿದಾಗಲೂ ಕತ್ತಲೆ. ಲೆಟಿಸ್ ಮೇಲೆ ಇಬ್ಬನಿ ಹೆಪ್ಪುಗಟ್ಟಿದ್ದರೆ ಬಿಸಿಲೇರಿ ಕರಗುವ ತನಕ ಕಾಯಬೇಕು. ಹೆಪ್ಪಿನಲ್ಲೇ ಕೈ ಹಚ್ಚಿದರೆ ಎಲೆ ಕೆಡುತ್ತದೆ. ಕೆಲಸ ಶುರುವಾಯಿತೆಂದರೆ ನಡು ನೆಟ್ಟಗೆ ಮಾಡಲು ಪುರುಸೊತ್ತಿಲ್ಲ. ಎಲೆಕೋಸಿನ ಹಾಗೆ ಉಂಡೆ ಕಟ್ಟಿದ ಸೊಪ್ಪನ್ನು ಎಡಗೈಯಲ್ಲಿ ವಾಲಿಸಿ ಹಿಡಿಯಬೇಕು, ಬುಡಕ್ಕೆ ಚಾಕು ಹಾಕಬೇಕು, ಹೊರಗಿನ ಎಲೆ ಸವರಿ ಸಾಲಿನಲ್ಲಿಡಬೇಕು, ಮುಂದಿನದಕ್ಕೆ ಬಾಗಬೇಕು. ಹಳೆಯ ಪದ್ಧತಿಯ ತಂಡದಲ್ಲಿ ಮೂವರು: ಇಬ್ಬರು ಕೊಯ್ಯುವವರು, ಒಬ್ಬ ತುಂಬುವವ. ಪೆಟ್ಟಿಗೆಗೆ 24 ಉಂಡೆ. ಎಷ್ಟು ಪೆಟ್ಟಿಗೆಯೋ ಅಷ್ಟು ಕೂಲಿ.

ಕ್ಯಾಲಿಫೋರ್ನಿಯಾದ ದಕ್ಷಿಣ ತುದಿಯ ಈ ಸೀಮೆಯ ಹೆಸರು ಇಂಪೀರಿಯಲ್ ಕೌಂಟಿ. ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದು, ಜನ ಮಾತ್ರ ಒಂದು ತಾಲ್ಲೂಕಿನಷ್ಟು: 2020ರ ಗಣತಿಯಲ್ಲಿ 1,79,702. ಚಳಿಗಾಲದಲ್ಲಿ ಅಮೆರಿಕ ತಿನ್ನುವ ಎಲೆತರಕಾರಿಯ ಬಹುಪಾಲು ಬರುವುದು ಇಲ್ಲಿಂದ ಮತ್ತು ಪಕ್ಕದ ಅರಿಜೋನಾ ರಾಜ್ಯದ ಯೂಮಾದಿಂದ. ಬೆಳೆ, ದನ ಎಲ್ಲ ಸೇರಿ ಕೌಂಟಿಯ ಕೃಷಿ ಹುಟ್ಟುವಳಿ ವರ್ಷಕ್ಕೆ 200 ಕೋಟಿ ಡಾಲರ್ ಮೀರುತ್ತದೆ. ಆದರೂ ಅಮೆರಿಕ ಸರ್ಕಾರ ಪ್ರಕಟಿಸುವ ನಿರುದ್ಯೋಗದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಸ್ಪರ್ಧೆ ನಡೆಯುವುದೂ ಬಹುತೇಕ ಇಂಪೀರಿಯಲ್, ಯೂಮಾ ಎಂಬ ಇದೇ ಎರಡು ಸೀಮೆಗಳ ನಡುವೆ. 2010ರ ಬೇಸಿಗೆಯಲ್ಲಿ ಇಡೀ ದೇಶದ ನಿರುದ್ಯೋಗ ಶೇ 9.5ರ ಆಸುಪಾಸಿನಲ್ಲಿದ್ದಾಗ ಇಂಪೀರಿಯಲ್‌ನಲ್ಲಿ ಅದು ಶೇ 30ರ ಹತ್ತಿರ ಹೋಗಿತ್ತು. ಆ ಕುಸಿತ ಕಳೆದು ದೇಶ ಚೇತರಿಸಿಕೊಂಡ ಮೇಲೂ ಇಲ್ಲಿ ಶೇ 15ರಿಂದ 20 ಎಂದರೆ ಸಾಧಾರಣ ವರ್ಷ.

ಬರ ಬಂದು ಹೀಗಾಗಿದ್ದರೆ ಅರ್ಥವಾಗುತ್ತಿತ್ತು. ಇಲ್ಲಿ ನೀರಿದೆ, ನೆಲವಿದೆ, ಬೆಳೆಯಿದೆ, ಮಾರುಕಟ್ಟೆಯಿದೆ. ಹಾಗಾದರೆ ಈ ಅಂಕಿ ಎಲ್ಲಿಂದ ಬಂತು? ಅದರ ಜಾಡು ಹಿಡಿದು ಹೋದರೆ ಒಂದು ಕಾಲುವೆ ಸಿಗುತ್ತದೆ.

ನೀರು ಬಂದ ದಾರಿ

ವರ್ಷಕ್ಕೆ ಮೂರಂಗುಲವೂ ಮಳೆ ಬೀಳದ ಮರಳುಗಾಡು ಇದು. ಕೌಂಟಿಯ ಕೇಂದ್ರ ಎಲ್ ಸೆಂಟ್ರೊ ಸಮುದ್ರಮಟ್ಟಕ್ಕಿಂತ ಸುಮಾರು 40 ಅಡಿ ಕೆಳಗಿದೆ. ತಗ್ಗಿಗೆ ನೀರು ತಾನಾಗಿ ಹರಿಯುತ್ತದೆಂಬ ಸರಳ ಲೆಕ್ಕ ಹಾಕಿ ಖಾಸಗಿ ಕಂಪನಿಯೊಂದು 1901ರಲ್ಲಿ ಕೊಲರಾಡೊ ನದಿಯನ್ನು ಕಾಲುವೆಗೆ ತಿರುಗಿಸಿತು. ಮರಳುಗಾಡು ಎಂದರೆ ಯಾರು ಜಮೀನು ಕೊಳ್ಳುತ್ತಾರೆ? ಅದಕ್ಕೇ ‘ಇಂಪೀರಿಯಲ್ ಕಣಿವೆ’ ಎಂಬ ರಾಜಗಾಂಭೀರ್ಯದ ಹೆಸರು. 1905ರಲ್ಲಿ ನದಿ ಕಾಲುವೆಯ ಬಾಯಿ ಒಡೆದುಕೊಂಡು ಒಳನುಗ್ಗಿತು. ಅದನ್ನು ಮತ್ತೆ ಪಾತ್ರಕ್ಕೆ ತಳ್ಳುವುದಕ್ಕೆ 1907ರವರೆಗೆ ಹಿಡಿಯಿತು. ಆಗ ತಗ್ಗಿನಲ್ಲಿ ನಿಂತ ನೀರೇ ಇಂದಿನ ಸಾಲ್ಟನ್ ಸರೋವರ. ಅದೇ 1907ರಲ್ಲಿ ಸ್ಯಾನ್ ಡಿಯೇಗೊದಿಂದ ಬೇರ್ಪಟ್ಟು ಇಂಪೀರಿಯಲ್ ಪ್ರತ್ಯೇಕ ಕೌಂಟಿಯಾಯಿತು. ಕ್ಯಾಲಿಫೋರ್ನಿಯಾದ 58 ಕೌಂಟಿಗಳಲ್ಲಿ ಕಡೆಗೆ ಹುಟ್ಟಿದ್ದು ಇದೇ.

ಮೊದಲ ಕಾಲುವೆ ಮೆಕ್ಸಿಕೊದ ನೆಲದ ಮೂಲಕ ಹಾದು ಬರುತ್ತಿತ್ತು. ಪೂರ್ತಿ ಅಮೆರಿಕದ ನೆಲದಲ್ಲೇ 80 ಮೈಲಿ ತೋಡಿದ ‘ಆಲ್ ಅಮೆರಿಕನ್’ ಕಾಲುವೆಯಲ್ಲಿ 1940ರಲ್ಲಿ ನೀರು ಹರಿಯಿತು. ಇಂದು ಇಲ್ಲಿನ ನೀರಾವರಿ ಮಂಡಳಿಗೆ ವರ್ಷಕ್ಕೆ 31 ಲಕ್ಷ ಎಕರೆ ಅಡಿ ನೀರಿನ ಹಕ್ಕಿದೆ. ನಮಗೆ ತಿಳಿಯುವ ಮಾಪನದಲ್ಲಿ ಸುಮಾರು 135 ಟಿಎಂಸಿ. ಕೃಷ್ಣರಾಜಸಾಗರ ಎರಡೂ ಮುಕ್ಕಾಲು ಸಲ ತುಂಬುವಷ್ಟು. ಕೊಲರಾಡೊ ನದಿಯಿಂದ ಇಷ್ಟು ನೀರು ಪಡೆಯುವವರು ಇನ್ನೊಬ್ಬರಿಲ್ಲ.

ಕಾಲುವೆ ಕಟ್ಟಿದ್ದು ಸರ್ಕಾರದ ದುಡ್ಡು. ಸರ್ಕಾರದ ನೀರು ಒಬ್ಬ ಮಾಲೀಕನ 160 ಎಕರೆಗಿಂತ ಹೆಚ್ಚಿನ ಜಮೀನಿಗೆ ಹೋಗಬಾರದು, ಮಾಲೀಕ ಅಲ್ಲೇ ವಾಸವಿರಬೇಕು ಎಂಬ ಕಾನೂನು 1902ರಿಂದಲೇ ಇತ್ತು. ಸಣ್ಣ ಒಕ್ಕಲುಗಳು ನೆಲೆ ನಿಲ್ಲಲಿ ಎಂಬುದು ಅದರ ಆಶಯ. 1933ರಲ್ಲಿ ಒಳಾಡಳಿತ ಕಾರ್ಯದರ್ಶಿಯೊಬ್ಬರು ಪತ್ರ ಬರೆದು ಈ ಕಣಿವೆಗೆ ಆ ಮಿತಿ ಬೇಡ ಎಂದುಬಿಟ್ಟರು. ದಶಕಗಳ ನಂತರ ಬ್ರಾಲಿ ಪಟ್ಟಣದ ವೈದ್ಯ ಬೆನ್ ಯೆಲೆನ್ ಇದನ್ನು ಕೆದಕಿದರು. ಕೂಲಿಗಳಿಗೆ ಮದ್ದು ಕೊಡುತ್ತ ಅವರ ಕಷ್ಟ ಕಂಡಿದ್ದ ಈ ಡಾಕ್ಟರು ಊರಿನ ಜಮೀನ್ದಾರರನ್ನು ಎದುರು ಹಾಕಿಕೊಂಡು ಕೋರ್ಟು ಹತ್ತಿದರು. ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1980ರಲ್ಲಿ ಬಂದ ತೀರ್ಪು ಮಾಲೀಕರ ಪರ. ಸಾವಿರಾರು ಎಕರೆಯ ಹಿಡುವಳಿಗಳು ಉಳಿದುಕೊಂಡವು. ಸ್ವಂತ ತುಂಡು ನೆಲವಿದ್ದವನಿಗೆ ಸುಗ್ಗಿ ಮುಗಿದ ಮೇಲೂ ಒಡ್ಡು, ಕಳೆ, ದನ ಎಂದು ಏನಾದರೂ ಕೆಲಸವಿರುತ್ತದೆ. ಪೆಟ್ಟಿಗೆ ಲೆಕ್ಕದ ಕೂಲಿಗೆ ಸುಗ್ಗಿ ಮುಗಿದರೆ ಎಲ್ಲವೂ ಮುಗಿಯಿತು.

ಕೈಗಳು ಬಂದ ದಾರಿ

ದೊಡ್ಡ ಹಿಡುವಳಿಗೆ ಬೇಕಾದದ್ದು ಕರೆದಾಗ ಬರುವ, ಸಾಕೆಂದಾಗ ಹೋಗುವ ಕೈಗಳು. ಜಪಾನಿನವರು, ಮೆಕ್ಸಿಕೊದವರು, ಫಿಲಿಪ್ಪೀನ್ಸಿನವರು ಬಂದರು. ನಮ್ಮ ಪಂಜಾಬಿನವರೂ ಬಂದರು. ಪೌರತ್ವಕ್ಕೆ ಅರ್ಹರಲ್ಲದ ವಲಸಿಗರು ಜಮೀನು ಕೊಳ್ಳದಂತೆ ಕ್ಯಾಲಿಫೋರ್ನಿಯಾ 1913ರಲ್ಲಿ ತಂದ ಕಾನೂನಿನ ನಡುವೆಯೇ ಅವರು ಹತ್ತಿ, ಲೆಟಿಸ್, ಮೇವು ಬೆಳೆದರು. ಅನೇಕರು ಮೆಕ್ಸಿಕನ್ ಹೆಂಗಸರನ್ನು ಮದುವೆಯಾಗಿ ಇಲ್ಲೇ ಸಂಸಾರ ಹೂಡಿದರು.

ಅಮೃತಸರದ ಕಡೆಯ ದಲೀಪ್ ಸಿಂಗ್ ಸೌಂದ್ ಅವರದು ಈ ಕಣಿವೆಯ ಉದ್ಯೋಗ ಚರಿತ್ರೆಯ ಒಂದು ಅಧ್ಯಾಯವೇ ಸರಿ. 1924ರಲ್ಲಿ ಬರ್ಕ್ಲಿಯಲ್ಲಿ ಗಣಿತದ ಪಿಎಚ್.ಡಿ. ಪಡೆದ ಈ ಮನುಷ್ಯನಿಗೆ ಇಂಪೀರಿಯಲ್‌ನಲ್ಲಿ ಸಿಕ್ಕ ಮೊದಲ ಕೆಲಸ ಹತ್ತಿ ಬಿಡಿಸುವ ಆಳುಗಳ ಮೇಸ್ತ್ರಿಗಿರಿ. ಆಮೇಲೆ ವ್ಯವಸಾಯಕ್ಕಿಳಿದು ಬೆಲೆ ಬಿದ್ದಾಗ ಸಾಲದಲ್ಲಿ ಮುಳುಗಿ ಎದ್ದರು. 1949ರಲ್ಲಿ ಪೌರತ್ವ ಸಿಕ್ಕಿತು. 1956ರಲ್ಲಿ ಇದೇ ಸೀಮೆಯ ಮತದಾರರು ಅವರನ್ನು ಅಮೆರಿಕದ ಸಂಸತ್ತಿಗೆ ಆರಿಸಿದರು. ಏಷ್ಯಾ ಮೂಲದ ಒಬ್ಬರು ಮತ ಹಾಕುವ ಹಕ್ಕಿರುವ ಸದಸ್ಯರಾಗಿ ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

ಅಷ್ಟರಲ್ಲಿ ಕೂಲಿಗಳ ಸರಬರಾಜು ಸರ್ಕಾರದ ಕೈಗೆ ಬಂದಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಳು ಸಿಗುತ್ತಿಲ್ಲವೆಂದು 1942ರಲ್ಲಿ ಶುರುವಾದ ‘ಬ್ರಸೆರೊ’ ಯೋಜನೆ 1964ರವರೆಗೂ ನಡೆಯಿತು. ಆಗಿದ್ದು 46 ಲಕ್ಷದಷ್ಟು ಕರಾರುಗಳು. ಮೆಕ್ಸಿಕೊದಿಂದ ಬಂದವರನ್ನು ಇಳಿಸಿಕೊಂಡು ಪರೀಕ್ಷಿಸಿ ಹೊಲಗಳಿಗೆ ಹಂಚುತ್ತಿದ್ದ ಕೇಂದ್ರಗಳಲ್ಲಿ ಒಂದು ಎಲ್ ಸೆಂಟ್ರೊದಲ್ಲೇ ಇತ್ತು. ಯೋಜನೆ ನಿಂತಿತು, ಜನ ನಿಲ್ಲಲಿಲ್ಲ. ಹಲವರಿಗೆ ಕಾಯಂ ವಾಸದ ಪರವಾನಗಿಯಾದ ಹಸಿರು ಕಾರ್ಡು ಸಿಕ್ಕಿತು. ಬಾಡಿಗೆ ಅಗ್ಗವಾದ ಮೆಕ್ಸಿಕಾಲಿಯಲ್ಲಿ ಮನೆ, ಕೂಲಿ ಹೆಚ್ಚಿರುವ ಇಂಪೀರಿಯಲ್‌ನಲ್ಲಿ ಕೆಲಸ ಎಂಬ ಬದುಕು ಆಗಲೇ ಕುದುರಿತು. ಈ ಓಡಾಟದಿಂದ ಇಲ್ಲಿನವರ ಕೂಲಿ ಬೀಳುತ್ತದೆಂದು ಕೃಷಿ ಕಾರ್ಮಿಕರ ಸಂಘ ಕೋರ್ಟಿಗೆ ಹೋಯಿತು. ದಿನವೂ ಬಂದುಹೋಗುವವರು, ಸುಗ್ಗಿಗಷ್ಟೇ ಬರುವವರು ಇಬ್ಬರಿಗೂ ಅಡ್ಡಿಯಿಲ್ಲ ಎಂದು ಸುಪ್ರೀಂ ಕೋರ್ಟು 1974ರಲ್ಲಿ ಹೇಳಿತು. ಬೆಳಗಿನ ಜಾವದ ಆ ಸಾಲಿಗೆ ಅಂದಿನಿಂದ ಕಾನೂನಿನ ಮುದ್ರೆಯಿದೆ.

ಕೂಲಿ ಹೆಚ್ಚಿಸಿ ಎಂದು 1979ರಲ್ಲಿ ಲೆಟಿಸ್ ಕೊಯ್ಯುವವರು ಮುಷ್ಕರ ಹೂಡಿದರು. ಫೆಬ್ರುವರಿ 10ರಂದು ರುಫಿನೊ ಕಾಂಟ್ರೆರಸ್ ಎಂಬ ಕಾರ್ಮಿಕ ಹೊಲದಲ್ಲೇ ಗುಂಡೇಟಿಗೆ ಬಲಿಯಾದ. ಅವನ ಶವಯಾತ್ರೆಯಲ್ಲಿ ಕೃಷಿ ಕಾರ್ಮಿಕರ ಸಂಘದ ನಾಯಕ ಸೀಸರ್ ಚಾವೆಜ್ ಮುಂದೆ ನಡೆದರು. ಬರಬರುತ್ತ ಸಂಘದ ಹಿಡಿತ ಸಡಿಲವಾಯಿತು, ಗುತ್ತಿಗೆ ಮೇಸ್ತ್ರಿಗಳ ಕೈ ಮೇಲಾಯಿತು.

ಎಣಿಸುವ ಬಗೆ

ಈಗ ಅಂಕಿಯ ಹತ್ತಿರ ಬರೋಣ. ತಿಂಗಳ 12ನೇ ತಾರೀಖು ಬೀಳುವ ವಾರದಲ್ಲಿ ಒಂದು ಗಂಟೆ ಸಂಬಳಕ್ಕೆ ದುಡಿದಿದ್ದರೂ ಅಮೆರಿಕದ ಲೆಕ್ಕದಲ್ಲಿ ನೀವು ಉದ್ಯೋಗಿ. ದುಡಿದಿಲ್ಲ, ಕಳೆದ ನಾಲ್ಕು ವಾರದಲ್ಲಿ ಕೆಲಸ ಹುಡುಕಿದ್ದೀರಿ ಎಂದಾದರೆ ನಿರುದ್ಯೋಗಿ. ದೇಶದ ಮಟ್ಟದಲ್ಲಿ ಸುಮಾರು 60,000 ಮನೆಗಳನ್ನು ಆರಿಸಿ ಇದನ್ನು ಕೇಳುತ್ತಾರೆ. ಇಷ್ಟು ಸಣ್ಣ ಕೌಂಟಿಗೆ ಅದರಲ್ಲಿ ಸಿಗುವ ಮನೆಗಳು ಸಾಲವು. ಹಾಗಾಗಿ ನಿರುದ್ಯೋಗ ಭತ್ಯೆಗೆ ಬಂದ ಅರ್ಜಿಗಳನ್ನೂ ಇತರ ದಾಖಲೆಗಳನ್ನೂ ಸೇರಿಸಿ ಅಂದಾಜು ಕಟ್ಟುತ್ತಾರೆ.

ತೊಡಕಿರುವುದು ಇಲ್ಲಿ. ಕೆಲಸಗಳನ್ನು ಎಣಿಸುವಾಗ ಹೊಲ ಎಲ್ಲಿದೆ ಎಂದು ನೋಡುತ್ತಾರೆ. ಕೆಲಸಗಾರರನ್ನು ಎಣಿಸುವಾಗ ಮನೆ ಎಲ್ಲಿದೆ ಎಂದು ನೋಡುತ್ತಾರೆ. ಮೆಕ್ಸಿಕಾಲಿಯಲ್ಲಿ ಮಲಗಿ ಇಂಪೀರಿಯಲ್‌ನಲ್ಲಿ ದುಡಿಯುವವನ ಕೆಲಸ ಕೌಂಟಿಯ ಉದ್ಯೋಗಗಳ ಪಟ್ಟಿಗೆ ಸೇರುತ್ತದೆ, ಅವನು ಮಾತ್ರ ಕೌಂಟಿಯ ದುಡಿಯುವ ಜನರ ಪಟ್ಟಿಗೆ ಸೇರುವುದಿಲ್ಲ. ಅಂಥವರು ಸಾವಿರಗಟ್ಟಲೆ. ಕೆಲಸದಲ್ಲಿರುವ ಅಷ್ಟು ಜನ ಲೆಕ್ಕದಿಂದ ಜಾರಿಹೋದಾಗ ಭಾಗಿಸುವ ಸಂಖ್ಯೆ ಕುಗ್ಗುತ್ತದೆ, ನಿರುದ್ಯೋಗದ ಶೇಕಡಾವಾರು ಉಬ್ಬುತ್ತದೆ.

ಹಾಗೆಂದು ಇದನ್ನು ಬರೀ ಲೆಕ್ಕದ ಆಟ ಎಂದು ತಳ್ಳಿಹಾಕುವಂತಿಲ್ಲ. ಅಂಕಿ ವರ್ಷದುದ್ದಕ್ಕೂ ಏರಿಳಿಯುವುದನ್ನು ಗಮನಿಸಿದರೆ ಸಾಕು. ನವೆಂಬರಿನಿಂದ ಮಾರ್ಚಿನವರೆಗೆ ಸುಗ್ಗಿ, ಆಗ ಅದು ಇಳಿಯುತ್ತದೆ. ಏಪ್ರಿಲ್ ಬಂತೆಂದರೆ ಲೆಟಿಸ್ ಉತ್ತರಕ್ಕೆ, ಸಲಿನಾಸ್ ಕಣಿವೆಗೆ ಹೋಗುತ್ತದೆ. ಪ್ಯಾಕಿಂಗ್ ಯಂತ್ರಗಳು ಲಾರಿ ಹತ್ತುತ್ತವೆ, ಕೊಯ್ಯುವವರಲ್ಲಿ ಗಟ್ಟಿಗರು ಹಿಂದೆಯೇ ಹೊರಡುತ್ತಾರೆ. ರಾಯಚೂರು, ಯಾದಗಿರಿ ಕಡೆ ಇದಕ್ಕೆ ಗುಳೆ ಎನ್ನುತ್ತಾರೆ. ಮಕ್ಕಳ ಶಾಲೆ, ವಯಸ್ಸಾದ ತಂದೆತಾಯಿ, ನೋಯುವ ಬೆನ್ನು ಎಂದು ಉಳಿದವರು 45 ಡಿಗ್ರಿ ಬಿಸಿಲಿನಲ್ಲಿ ಮನೆಯೊಳಗೆ ಕೂತು ಭತ್ಯೆಗೆ ಅರ್ಜಿ ಹಾಕುತ್ತಾರೆ. ಅಂಕಿ ನೆತ್ತಿಗೇರುವುದು ಆಗ. ಈ ಭತ್ಯೆಯೂ ಸುಲಭಕ್ಕೆ ದಕ್ಕಿದ್ದಲ್ಲ. 1935ರ ಸಾಮಾಜಿಕ ಭದ್ರತಾ ಕಾಯ್ದೆ ಹೊಲದ ಕೂಲಿಗಳನ್ನು ಹೊರಗಿಟ್ಟಿತ್ತು. ದೊಡ್ಡ ಜಮೀನುಗಳ ಆಳುಗಳಿಗೆ ನಿರುದ್ಯೋಗ ವಿಮೆ ಕೊಡಬೇಕೆಂದು ಕೇಂದ್ರದ ಕಾನೂನು ಹೇಳಿದ್ದು 1970ರ ದಶಕದಲ್ಲಿ.

ನೀರು ಮಾರಿದ ಮೇಲೆ

ಎಲ್ಲ ಬೆಳೆಯೂ ಕೈಗಳನ್ನು ಬೇಡುವುದಿಲ್ಲ. ಕಣಿವೆಯಲ್ಲಿ ಅತಿ ಹೆಚ್ಚು ನೆಲ, ನೀರು ಹೀರುವುದು ದನದ ಮೇವು, ಅದರಲ್ಲೂ ಲೂಸರ್ನ್. ಕೊಯ್ಯುವುದು, ಒಣಗಿಸುವುದು, ಪಿಂಡಿ ಕಟ್ಟುವುದು ಎಲ್ಲಕ್ಕೂ ಯಂತ್ರವಿದೆ. ಕೂಲಿಯ ಬಹುಭಾಗ ಹುಟ್ಟುವುದು ಅದಕ್ಕಿಂತ ಎಷ್ಟೋ ಕಡಿಮೆ ನೆಲದಲ್ಲಿ ಬೆಳೆಯುವ ತರಕಾರಿಯಿಂದ.

2003ರಲ್ಲಿ ಇನ್ನೊಂದು ತಿರುವು ಬಂತು. ಸ್ಯಾನ್ ಡಿಯೇಗೊ ಸೀಮೆಯ ದಾಹಕ್ಕೆ ವರ್ಷಕ್ಕೆ 2 ಲಕ್ಷ ಎಕರೆ ಅಡಿವರೆಗೆ, ಅಂದರೆ 8.7 ಟಿಎಂಸಿಯಷ್ಟು ನೀರು ಕೊಡುವ ಒಪ್ಪಂದವಾಯಿತು. ಮೊದಲ ವರ್ಷಗಳಲ್ಲಿ ಆ ನೀರು ಉಳಿಸಿದ ಬಗೆ ಎಂದರೆ ಹೊಲಗಳನ್ನು ಬೀಳು ಬಿಡುವುದು. ಬೀಳು ಬಿಟ್ಟಿದ್ದಕ್ಕೆ ಜಮೀನಿನವರಿಗೆ ಹಣ ಬಂತು. ಆ ಹೊಲಕ್ಕೆ ಗೊಬ್ಬರ ಮಾರುತ್ತಿದ್ದ, ಟ್ರ್ಯಾಕ್ಟರ್ ಓಡಿಸುತ್ತಿದ್ದ, ನೀರು ಕಟ್ಟುತ್ತಿದ್ದವರ ಹೆಸರಿನಲ್ಲಿ ನೀರಿನ ಹಕ್ಕಿರಲಿಲ್ಲ. ಅವರಿಗೂ ಪರಿಹಾರ ಸಲ್ಲಬೇಕೆಂದು ಒಪ್ಪಂದದಲ್ಲೇ ಬರೆದಿದ್ದರೂ ಎಷ್ಟು, ಯಾರಿಗೆ ಎಂಬ ಜಗಳ ವರ್ಷಗಟ್ಟಲೆ ನಡೆಯಿತು.

ಹೊಲ ಕೊಡದ ಕಾಯಂ ಕೆಲಸವನ್ನು ಸರ್ಕಾರ ಕೊಟ್ಟಿತು, ಅದೂ ಜೈಲಿನ ರೂಪದಲ್ಲಿ. 1992ರಲ್ಲಿ ಕ್ಯಾಲಿಪ್ಯಾಟ್ರಿಯಾ, 1993ರಲ್ಲಿ ಸೆಂಟಿನೆಲಾ ಎಂಬ ಎರಡು ದೊಡ್ಡ ಕಾರಾಗೃಹಗಳು ಇಲ್ಲಿ ತೆರೆದವು. ಗಡಿ ಕಾವಲು ಪಡೆಯೂ ಬೆಳೆಯಿತು. ಶಾಲೆ, ಕಚೇರಿಗಳ ಜೊತೆ ಇವೆಲ್ಲ ಸೇರಿ ಇಂದು ಕಣಿವೆಯಲ್ಲಿ ಹೊಲಕ್ಕಿಂತ ಹೆಚ್ಚು ಸಂಬಳದ ಕೆಲಸ ಸರ್ಕಾರದ್ದೇ. ಅಪ್ಪ ಗಡಿ ದಾಟಿ ಬಂದು ಲೆಟಿಸ್ ಕೊಯ್ದ ಊರಿನಲ್ಲಿ ಮಗ ಅದೇ ಗಡಿ ಕಾಯುವ ಸಮವಸ್ತ್ರ ತೊಟ್ಟರೆ ಯಾರೂ ಹುಬ್ಬೇರಿಸುವುದಿಲ್ಲ.

ಈಗಿನ ಮಾತು ಲಿಥಿಯಂ. ಸಾಲ್ಟನ್ ಸರೋವರದ ದಕ್ಷಿಣ ದಂಡೆಯ ಅಡಿಯಲ್ಲಿ ಕುದಿಯುವ ಉಪ್ಪುನೀರಿನಲ್ಲಿ 37.5 ಕೋಟಿ ವಿದ್ಯುತ್ ವಾಹನಗಳ ಬ್ಯಾಟರಿಗೆ ಸಾಲುವಷ್ಟು ಲಿಥಿಯಂ ಇರಬಹುದೆಂದು 2023ರಲ್ಲಿ ಅಮೆರಿಕದ ಇಂಧನ ಇಲಾಖೆ ಅಂದಾಜಿಸಿತು. ಭೂಶಾಖದಿಂದ ವಿದ್ಯುತ್ ತೆಗೆಯುವ ಸ್ಥಾವರಗಳು ಅಲ್ಲಿ 1980ರ ದಶಕದಿಂದಲೇ ಇವೆ. ಕಟ್ಟುವಾಗ ನೂರಾರು ಜನ, ಓಡಿಸುವಾಗ ಬೆರಳೆಣಿಕೆಯ ಜನ ಎಂಬುದು ಅವುಗಳ ಸ್ವಭಾವ. ಹೊಸ ಸಂಪತ್ತೂ ಅದೇ ದಾರಿ ಹಿಡಿದೀತೇ ಎಂಬ ಅಳುಕು ಊರಿನವರಲ್ಲಿ ಇಲ್ಲದಿಲ್ಲ. ಮರಳುಗಾಡಿಗೆ ಭಾರಿ ಹೆಸರಿಟ್ಟು ಮಾರಿದ ಕಥೆ ಅವರ ಅಜ್ಜಂದಿರ ಕಾಲದ್ದು.

ಜನವರಿಯ ಆ ಬಸ್ಸಿಗೆ ಒಮ್ಮೆ ಮರಳಿ ಹತ್ತೋಣ. ಒಂದೇ ಸೀಟಿನಲ್ಲಿ ಭುಜಕ್ಕೆ ಭುಜ ತಾಗಿಸಿ ತೂಕಡಿಸುತ್ತಿರುವ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬನ ಮನೆ ಕಲೆಕ್ಸಿಕೊದಲ್ಲಿ, ಇನ್ನೊಬ್ಬನದು ಬೇಲಿಯಾಚೆ ಎರಡು ಕಿಲೊಮೀಟರ್ ದೂರದಲ್ಲಿ. ಇಬ್ಬರದೂ ಒಂದೇ ಸಾಲು, ಒಂದೇ ಪೆಟ್ಟಿಗೆ, ಒಂದೇ ನಡುನೋವು. ಜುಲೈ ಬಂದಾಗ ಮೊದಲನೆಯವನು ನಿರುದ್ಯೋಗಿಗಳ ಅಂಕಿಯಲ್ಲಿ ಒಂದಾಗುತ್ತಾನೆ. ವಾಷಿಂಗ್‌ಟನ್ನಿನ ಪಟ್ಟಿಯಲ್ಲಿ ಕೌಂಟಿಯ ಹೆಸರು ಮೇಲೇರುವುದು ಅವನಿಂದ. ಎರಡನೆಯವನು ಯಾವ ಪಟ್ಟಿಯಲ್ಲೂ ಇಲ್ಲ. ನವೆಂಬರ್ ಹತ್ತಿರವಾಗುತ್ತಿದ್ದಂತೆ ಮೇಸ್ತ್ರಿಯ ಫೋನು ಇಬ್ಬರಿಗೂ ಬರುತ್ತದೆ.