‘ಪಾಸ್ ಔಟ್’ ಆದವರು ಪದವೀಧರರೋ, ಮೂರ್ಛೆ ಹೋದವರೋ?

‘ಐ ಪಾಸ್ಡ್ ಔಟ್ ಇನ್ 2019’. ನಮ್ಮ ತರುಣರ ಉದ್ಯೋಗದ ಅರ್ಜಿಗಳಲ್ಲಿ ಈ ಸಾಲು ಸರ್ವೇಸಾಮಾನ್ಯ. ಬೆಂಗಳೂರಿನ ಸಂದರ್ಶಕರು ಇದನ್ನು ‘2019ರಲ್ಲಿ ಪದವಿ ಮುಗಿಸಿದವರು’ ಎಂದೇ ಗ್ರಹಿಸುತ್ತಾರೆ. ಅದೇ ಅರ್ಜಿ ಅಮೆರಿಕದ ವಿಶ್ವವಿದ್ಯಾಲಯವೊಂದನ್ನು ತಲುಪಿದರೆ, ಅಲ್ಲಿ ಓದುವವರಿಗೆ ಮೊದಲು ಹೊಳೆಯುವ ಅರ್ಥವೇ ಬೇರೆ: ಅಭ್ಯರ್ಥಿ 2019ರಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದರು!

ಕ್ರಿಯಾಪದದ ಬೆನ್ನಿಗೆ ಔಟ್, ಅಪ್, ಆಫ್‌ನಂಥ ಚಿಕ್ಕ ಪದ ಸೇರಿ ಹೊಸ ಅರ್ಥ ಕೊಡುವ ಜೋಡಿಯನ್ನು ಇಂಗ್ಲಿಷಿನಲ್ಲಿ ಫ್ರೇಸಲ್ ವರ್ಬ್ ಎನ್ನುತ್ತಾರೆ. ಬಿಡಿ ಪದಗಳ ಅರ್ಥವನ್ನು ಕೂಡಿಸಿದ ಮಾತ್ರಕ್ಕೆ ಇಡಿಯ ಅರ್ಥ ದೊರೆಯದು. ಕನ್ನಡಿಗರಿಗೆ ಇದೇನೂ ಹೊಸತಲ್ಲ. ‘ಗೆಳೆಯ ಕೈಕೊಟ್ಟ’ ಎಂದರೆ ನೆರವಾದ ಎಂದಲ್ಲವಷ್ಟೆ?

ಬಿಸಿಲಿಗೆ, ಹಸಿವಿಗೆ, ರಕ್ತ ಕಂಡು ಎಚ್ಚರ ತಪ್ಪುವುದು ‘ಪಾಸ್ ಔಟ್’ನ ಪ್ರಧಾನ ಅರ್ಥ. ಕುಡಿದು ಮೈಮರೆತು ಬಿದ್ದವರಿಗೂ ಇದೇ ಮಾತು ಸಲ್ಲುತ್ತದೆ. ಈ ಅರ್ಥದಲ್ಲಿ ಕ್ರಿಯಾಪದಕ್ಕೆ ಕರ್ಮಪದ ಬೇಡ. ಕರ್ಮಪದ ಬಂತೆಂದರೆ ಅರ್ಥ ಹಂಚುವಿಕೆಗೆ ತಿರುಗುತ್ತದೆ: ‘ಶಿ ಪಾಸ್ಡ್ ಔಟ್ ದ ಪೇಪರ್ಸ್’ ಎಂದರೆ ಆಕೆ ಕಾಗದಗಳನ್ನು ಹಂಚಿದಳು. ಇದು ಹೆಚ್ಚಾಗಿ ಅಮೆರಿಕದ ಬಳಕೆ.

ಹಾಗಾದರೆ ನಮ್ಮವರ ಪ್ರಯೋಗ ತಪ್ಪೇ? ಪೂರ್ತಿಯಾಗಿ ಅಲ್ಲ. ಸೇನೆ ಮತ್ತು ಪೊಲೀಸ್ ತರಬೇತಿ ಮುಗಿಸಿ ಹೊರಬರುವುದಕ್ಕೆ ಬ್ರಿಟಿಷ್ ಇಂಗ್ಲಿಷಿನಲ್ಲೂ ‘ಪಾಸ್ ಔಟ್’ ಎಂದೇ ಹೆಸರು. ಪಾಸಿಂಗ್ ಔಟ್ ಪರೇಡ್ ಅನ್ನು ಕನ್ನಡ ಪತ್ರಿಕೆಗಳು ‘ನಿರ್ಗಮನ ಪಥಸಂಚಲನ’ ಎಂದು ಬರೆಯುತ್ತಿರುವುದು ಸೊಗಸಾದ ಅನುವಾದವೇ ಸರಿ. ಭಾರತದಲ್ಲಿ ಈ ಬಳಕೆ ಕವಾಯತು ಮೈದಾನವನ್ನು ದಾಟಿ ಕಾಲೇಜಿಗೂ ಹಬ್ಬಿದೆ. ‘2019ರ ಪಾಸೌಟ್’ ಎಂಬ ನಾಮಪದವೂ ಹುಟ್ಟಿಕೊಂಡಿದೆ. ದೇಶದೊಳಗೆ ಯಾರೂ ತಪ್ಪು ತಿಳಿಯದ ಮಾತನ್ನು ಅಶುದ್ಧವೆಂದು ಹಳಿಯುವುದರಲ್ಲಿ ಹುರುಳಿಲ್ಲ.

ತೊಡಕಿರುವುದು ಗಡಿ ದಾಟಿದಾಗ. ಅರ್ಜಿಯ ವಿಷಯದಲ್ಲಾದರೆ ನಗೆಪಾಟಲಿಗೆ ಮುಗಿದೀತು. ಆದರೆ ಹೊರದೇಶದಲ್ಲಿ ಓದುತ್ತಿರುವ ಮಗನ ಸಹಪಾಠಿ ನಡುರಾತ್ರಿ ದಾವಣಗೆರೆಯ ಮನೆಗೆ ದೂರವಾಣಿ ಮಾಡಿ ‘ಯುವರ್ ಸನ್ ಪಾಸ್ಡ್ ಔಟ್’ ಎಂದರೆ, ಮನೆಯವರು ಸಿಹಿ ಹಂಚಲು ಹೊರಡಬಾರದು. ಯಾವ ಆಸ್ಪತ್ರೆ ಎಂದು ಕೇಳಬೇಕು.

ವಿದೇಶಕ್ಕೆ ಬರೆಯುವಾಗ ‘ಐ ಗ್ರ್ಯಾಜುಯೇಟೆಡ್ ಇನ್ 2019’ ಎಂದರೆ ಸಾಕು. ಪರೀಕ್ಷೆಯ ಮಾತಾದರೆ ‘ಔಟ್’ ಬಿಟ್ಟು ‘ಐ ಪಾಸ್ಡ್ ದ ಎಕ್ಸಾಮ್’ ಎನ್ನಬಹುದು. ಅವಸರದಲ್ಲಿ ‘ಔಟ್’ ಇರಬೇಕಾದಲ್ಲಿ ‘ಅವೇ’ ಬರೆದೀರಿ, ಜೋಕೆ! ‘ಪಾಸ್ಡ್ ಅವೇ’ ಎಂದರೆ ತೀರಿಕೊಂಡರು ಎಂದರ್ಥ.