ಘಾಟಿ ಏರುವ ಜೀಪಿಗೆ ದಪ್ಪ ಪೈಪ್ ಬೇಕೆ?

ಪ್ರಶ್ನೆ: ಚಾರ್ಮಾಡಿ ಏರುವಾಗ ನನ್ನ ಟರ್ಬೊ ಡೀಸೆಲ್ ಜೀಪಿನ ಪಿಕಪ್ ಬಿದ್ದುಹೋಗುತ್ತದೆ. ಇಂಟರ್‌ಕೂಲರ್‌ಗೆ ದಪ್ಪನೆಯ ಅಲ್ಯೂಮಿನಿಯಂ ಪೈಪ್ ಹಾಕಿಸಲೇ?
– ಓದುಗರೊಬ್ಬರು, ಕಳಸ

ಉತ್ತರ: ಈಗಿರುವ ಹೋಸನ್ನು ಮೊದಲು ಪರೀಕ್ಷಿಸಿ. ಟರ್ಬೊ ಒತ್ತಿದ ಗಾಳಿ ಏರಿನಲ್ಲಿ 100 ಡಿಗ್ರಿ ದಾಟಿ ಕಾಯಬಹುದು. ಇಂಟರ್‌ಕೂಲರ್ ಅದನ್ನು ತಣಿಸಿ, ಸಾಂದ್ರವಾಗಿಸಿ ಎಂಜಿನ್ನಿಗೆ ಕಳಿಸುತ್ತದೆ. ನಡುವಿನ ರಬ್ಬರ್ ಹೋಸ್ ಬಿಸಿಗೂ ಎಣ್ಣೆಯ ಜಿಡ್ಡಿಗೂ ಮೆತ್ತಗಾಗಿ ಸೀಳುತ್ತದೆ. ಪಿಕಪ್ ಇಲ್ಲ, ಕಪ್ಪು ಹೊಗೆ, ಬಾನೆಟ್ ಒಳಗಿಂದ ಬುಸ್ಸೆನ್ನುವ ಸದ್ದು: ಹೀಗಿದ್ದರೆ ಸೋರಿಕೆಯೆಂದೇ ಅನುಮಾನಿಸಿ. ಸೀಳು ಕೆಳಬದಿಯಲ್ಲೇ ಹೆಚ್ಚು, ಬಗ್ಗಿ ಟಾರ್ಚ್ ಹಾಕಿ ನೋಡಬೇಕು.

ಬದಲಿಸುವುದಾದರೆ ಹಲವು ಪದರದ ಸಿಲಿಕೋನ್ ಹೋಸ್ ಸಾಕು. ಆದರೆ ಬರೀ ಸಿಲಿಕೋನ್ ಎಣ್ಣೆಗೆ ಉಬ್ಬುತ್ತದೆ. ಟರ್ಬೊ ಕಡೆಗೆ ಒಳಗೆ ಫ್ಲೋರೊಸಿಲಿಕೋನ್ ಪದರ ಇರುವುದನ್ನೇ ಕೇಳಿ. ಅಲ್ಯೂಮಿನಿಯಂ ಪೈಪ್, ಬಾನೆಟ್ ತೆರೆದಾಗ ನೋಡಲು ಚೆಂದ. ಗುಂಡಿ ರಸ್ತೆಯಲ್ಲಿ ಎಂಜಿನ್ ಅಲುಗುವಾಗ ಮಾತ್ರ ಅದರ ಒಂದೊಂದು ಜಾಯಿಂಟೂ ಕಳಚಿಕೊಳ್ಳುವ ಜಾಗ. ಹಾಕಿಸಿದರೂ ಪೈಪಿನ ತುದಿಯಲ್ಲಿ ಉಬ್ಬಿದ ಅಂಚು, ಟಿ-ಬೋಲ್ಟ್ ಕ್ಲ್ಯಾಂಪ್ ಇರಲಿ.

ದಪ್ಪ ಪೈಪಂತೂ ಬೇಡ. ಎಂಜಿನ್ ಟ್ಯೂನಿಂಗ್ ಬದಲಾಗದೆ ಅದರಿಂದ ಶಕ್ತಿ ಹೆಚ್ಚುವುದಿಲ್ಲ. ತುಂಬಬೇಕಾದ ಜಾಗ ಹೆಚ್ಚಾಗಿ, ತಿರುವಿನಲ್ಲಿ ಎರಡನೇ ಗೇರಿಗೆ ಇಳಿದಾಗ ಟರ್ಬೊ ಇನ್ನಷ್ಟು ತಡವಾಗಿ ಎಳೆಯುತ್ತದೆ. ಹೋಸ್ ಗಟ್ಟಿಯಾಗಿದ್ದೂ ತೊಂದರೆ ಹೋಗದಿದ್ದರೆ ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ತೆಗೆಸಿ ನೋಡಿ.